ಗವಾನರ ಬೀದಿಯಲ್ಲಿ ಸಾಕ್ಷ್ಯದ ನಡಿಗೆ

ಒಂದು ಊರಿನ ಗತಕಾಲವನ್ನು ಪರಸ್ಥಳದವರಿಗೆ ತೋರಿಸಿ ಹೇಳುವ ವೃತ್ತಿಗೆ ನಮ್ಮ ಸಮಾಜದಲ್ಲಿ ದೊಡ್ಡ ಗೌರವವೇನೂ ಇಲ್ಲ. ಬಸ್ಸಿನಿಂದ ಇಳಿದವರ ಮುಂದೆ ನಿಂತು ಅರಸರ ಹೆಸರುಗಳನ್ನೂ ಇಸವಿಗಳನ್ನೂ ಒಪ್ಪಿಸಿ ಹಣ ಪಡೆಯುವವರು ಎಂಬುದಷ್ಟೇ ಜನರ ಭಾವನೆ. ಆದರೆ ಬೀದರಿನ ಹಳೆಯ ಪಟ್ಟಣದಲ್ಲಿ ಒಬ್ಬ ಮಾರ್ಗದರ್ಶಕರ ಹಿಂದೆ ಅರ್ಧ ದಿನ ನಡೆದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಹದೀಸ್ ವಿದ್ವಾಂಸರ ಶಿಸ್ತು. ಈ ಮಾತನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರ ನೆನಪು ಎಂಥದ್ದು, ನಾಲಗೆ ಎಂಥದ್ದು ಎಂದು ಶೋಧಿಸದೆ ಒಂದು ವಾಕ್ಯವನ್ನೂ ಸ್ವೀಕರಿಸದ ಆ ಹಿರಿಯರು ಈ ಬೀದಿಯಲ್ಲಿ ನಡೆದಿದ್ದರೆ ನಮ್ಮ ಮಾರ್ಗದರ್ಶಕರನ್ನು ಬಹುಶಃ ಮೆಚ್ಚಿಕೊಳ್ಳುತ್ತಿದ್ದರು.

ನಾವು ಕರಾವಳಿಯಿಂದ ಹೋದವರು. ಹಿರಿಯ ತರಗತಿಯ ಹದಿನಾಲ್ಕು ಮಕ್ಕಳು, ಮೂವರು ಪೋಷಕರು ಮತ್ತು ನಾನು. ಮಾರ್ಗದರ್ಶಕರು ಕೋಟೆಗೋಡೆಯ ಒಳಗೇ ಹುಟ್ಟಿ ಬೆಳೆದವರು. ಐವತ್ತು ದಾಟಿದ ವಯಸ್ಸು. ತಮ್ಮ ಹೆಸರು ಎಲ್ಲಿಯೂ ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ನಮ್ಮ ಮಕ್ಕಳ ಮನೆಮಾತು ಬ್ಯಾರಿ ಎಂದು ತಿಳಿದೊಡನೆ ಅವರು ಉರ್ದುವನ್ನು ಬದಿಗಿಟ್ಟು ಬೀದರಿನ ಕನ್ನಡಕ್ಕೆ ಬಂದರು. ಆರಂಭದಲ್ಲೇ ಒಂದು ನಿಯಮ ಹೇಳಿದರು: "ನಾ ಹೇಳೂದ್ರಾಗ ಮೂರು ಥರ ಅದ. ಒಂದು ಬರದಿದ್ದದ್ದು. ಒಂದು ಮಂದಿ ಹೇಳೂದು. ಒಂದು ನನ್ನ ಅಂದಾಜು. ಯಾವುದು ಯಾವುದಂತ ಹೇಳಕೋತ ಹೋಗ್ತೀನಿ, ನೀವು ಕಲಸಬ್ಯಾಡ್ರಿ."

ಸಹೀಹ್, ಹಸನ್, ಝಈಫ್ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಮಕ್ಕಳು ಪರಸ್ಪರ ಮುಖ ನೋಡಿಕೊಂಡು ನಕ್ಕರು.

ಹಳೆಯ ಬೀದರ್ ಕಾಲ್ನಡಿಗೆಯ ಊರು. ಶಾಹಗಂಜ್, ಫತೇಹ್, ಮಂಗಲಪೇಟೆ, ದುಲ್ಹನ್, ತಾಲಘಾಟ್ ಎಂಬ ದರ್ವಾಜಾಗಳ ಒಳಗೆ ಗಲ್ಲಿಗಳು ಹೆಣೆದುಕೊಂಡಿವೆ. ನಡುವೆ ನಾಲ್ಕು ದಾರಿ ಕೂಡುವಲ್ಲಿ ಚೌಬಾರಾ ಎಂಬ ದುಂಡನೆಯ ಕಾವಲು ಗೋಪುರ. ಅಲ್ಲಿಂದ ಕೋಟೆಯ ಕಡೆಗೆ ಹೋಗುವ ಬೀದಿಯೇ ನಮ್ಮ ದಾರಿ. ಅದರ ಇಕ್ಕೆಲಗಳಲ್ಲಿ ಚಹಾದಂಗಡಿ, ದರ್ಜಿಯಂಗಡಿ, ಬಿದರಿ ಸಾಮಾನಿನ ಮಳಿಗೆಗಳು. ಅವುಗಳ ನಡುವೆಯೇ ಐದುನೂರು ವರ್ಷಗಳ ಹಿಂದಿನ ಗೋಡೆಗಳು. ಗಾರೆಯ ಕೆತ್ತನೆಗೆ ಹೆಸರಾದ ತಖ್ತ್-ಎ-ಕಿರ್ಮಾನಿಯ ಮುಂದೆ ಅವರು ಹೆಚ್ಚು ಹೊತ್ತು ನಿಲ್ಲಿಸಲಿಲ್ಲ. ಮನಸ್ಸಿನಲ್ಲಿ ಇನ್ನೊಂದು ಕಟ್ಟಡವಿತ್ತು.

ಖ್ವಾಜಾ ಮಹಮೂದ್ ಗವಾನರ ಮದ್ರಸಾ. ಚಿತ್ರಗಳಲ್ಲಿ ಎಷ್ಟು ಬಾರಿ ನೋಡಿದ್ದರೂ ಎದುರು ನಿಂತಾಗ ಮದ್ರಸಾದಲ್ಲಿ ಕಲಿತವನ ಎದೆ ಬೇರೆಯೇ ರೀತಿ ಬಡಿದುಕೊಳ್ಳುತ್ತದೆ. 1472ರಲ್ಲಿ ಪೂರ್ಣಗೊಂಡ ಮೂರು ಅಂತಸ್ತಿನ ಕಟ್ಟಡ. ವಿದ್ಯಾರ್ಥಿಗಳಿಗೆಂದು 36 ಕೋಣೆಗಳು, ಅಧ್ಯಾಪಕರಿಗೆ ಪ್ರತ್ಯೇಕ ವಸತಿ, ಮಸೀದಿ, ಗ್ರಂಥಾಲಯ, ನಡುವೆ ವಿಶಾಲ ಅಂಗಳ. ಉಳಿದಿರುವ ಒಂದೇ ಮಿನಾರಿನ ಮೈಮೇಲೆ ಅಂಕುಡೊಂಕಿನ ವಿನ್ಯಾಸದ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಮುಂಭಾಗದ ಅರ್ಧವೂ ಇನ್ನೊಂದು ಮಿನಾರೂ ಇಲ್ಲ. 17ನೇ ಶತಮಾನದ ಕೊನೆಯ ವರ್ಷಗಳಲ್ಲಿ, ಊರು ಮೊಘಲರ ವಶದಲ್ಲಿದ್ದಾಗ, ಈ ವಿದ್ಯಾಲಯದಲ್ಲಿ ಸಿಪಾಯಿಗಳನ್ನು ಇರಿಸಿ ಕೋಣೆಗಳಲ್ಲಿ ಮದ್ದುಗುಂಡು ತುಂಬಿಸಿದ್ದರು, ಅದು ಸಿಡಿಯಿತು. ಸಿಡಿಲು ಬಡಿದು ಸಿಡಿಯಿತು ಎನ್ನುತ್ತಾರೆ. "ಸಿಡ್ಲು ಬಡೀತಂತ, ಖರೆ. ಆದ್ರ ಪುಸ್ತಕದ ಮನ್ಯಾಗ ಮದ್ದು ಇಟ್ಟವರು ಯಾರ್ರಿ, ಸಿಡ್ಲೇನು?" ಎಂದು ಅವರು ಕೇಳಿದರು. ಇದು ಮೂರನೆಯ ವರ್ಗದ ಮಾತು, ತಮ್ಮ ಅಭಿಪ್ರಾಯ ಎಂದೂ ಸೇರಿಸಿದರು.

ಇಲ್ಲಿ 3000 ಗ್ರಂಥಗಳಿದ್ದವು ಎಂಬ ಪ್ರಸಿದ್ಧ ಸಂಖ್ಯೆಯನ್ನು ಅವರು ಎರಡನೆಯ ವರ್ಗದಲ್ಲಿಟ್ಟರು. ಕವಿ ಜಾಮಿಯವರನ್ನು ಗವಾನರು ಬೀದರಿಗೆ ಆಹ್ವಾನಿಸಿದ್ದು, ಅವರು ಬರಲಾಗದಿದ್ದರೂ ಇಬ್ಬರ ನಡುವೆ ಪತ್ರವ್ಯವಹಾರ ನಡೆದದ್ದು ಮೊದಲನೆಯ ವರ್ಗ, ಏಕೆಂದರೆ ಪತ್ರಗಳು ಉಳಿದಿವೆ. ಗವಾನರ ಕಾಲದಲ್ಲೇ ಈ ಊರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿನ ಶ್ರೀಮಂತರ ಅತಿವೈಭವವನ್ನೂ ಹಳ್ಳಿಗರ ಕಡುಬಡತನವನ್ನೂ ಬರೆದಿಟ್ಟಿದ್ದಾನೆ. ಅದನ್ನೂ ಅವರು ಮರೆಮಾಚದೆ ಹೇಳಿದರು. ವೈಭವದ ಕಥೆಯನ್ನು ಕೇಳಲು ಬಂದಿದ್ದ ನಮ್ಮ ಪೋಷಕರೊಬ್ಬರ ಮುಖ ಅಲ್ಲಿಯೇ ಸ್ವಲ್ಪ ಬಾಡಿತು.

ಆಮೇಲೆ ಗವಾನರ ಅಂತ್ಯದ ಕಥೆ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ 1453ರಲ್ಲಿ ಬೀದರಿಗೆ ಬಂದು, ಬಹಮನಿ ಸುಲ್ತಾನರ ವಝೀರರಾದವರು ಅವರು. ಭೂಮಿಯನ್ನು ಅಳತೆ ಮಾಡಿಸಿದರು. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟಾಗಿ ಒಡೆದು, ಪ್ರಾಂತ್ಯಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಯುವಂತೆ ಮಾಡಿದರು. ಬಲಾಢ್ಯರ ಬಲ ಕುಗ್ಗಿತು, ಹಗೆ ಬೆಳೆಯಿತು. ಆಸ್ಥಾನದಲ್ಲಿ ಆಗಲೇ ಎರಡು ಪಕ್ಷಗಳಿದ್ದವು: ಇಲ್ಲಿಯೇ ನೆಲೆನಿಂತ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು. ಎರಡೂ ಕಡೆಯವರು ಒಂದೇ ಕಿಬ್ಲಾದತ್ತ ಮುಖಮಾಡಿ ನಮಾಝ್ ಮಾಡುತ್ತಿದ್ದವರು. ವಿರೋಧಿಗಳು ಗವಾನರ ಮುದ್ರೆ ಕಾಯುವವನನ್ನು ಮದ್ಯ ಕುಡಿಸಿ ವಶಪಡಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಶಾಹ್ ವಿಚಾರಣೆಯನ್ನೂ ನಡೆಸಲಿಲ್ಲ. ಮುದ್ರೆ ತಮ್ಮದೇ, ಬರಹ ತಮ್ಮದಲ್ಲ ಎಂದು ಹೇಳಿದ ಎಪ್ಪತ್ತು ದಾಟಿದ ಆ ವೃದ್ಧರನ್ನು 1481ರ ಏಪ್ರಿಲ್‌ನಲ್ಲಿ ಕೊಲ್ಲಿಸಿದನು. ವರ್ಷ ತುಂಬುವುದರೊಳಗೆ ಸುಲ್ತಾನನೂ ತೀರಿಕೊಂಡನು. ಮುಂದೆ ರಾಜ್ಯ ಐದು ಹೋಳಾಯಿತು.

ಗವಾನರ ಸಂಪತ್ತನ್ನು ಜಪ್ತಿ ಮಾಡಲು ಹೋದಾಗ ಸಿಕ್ಕಿದ್ದು ಅತ್ಯಲ್ಪವಂತೆ. ಸರಕಾರದ ಖರ್ಚಿನ ಹಣ ಬೇರೆ, ಬಡವರಿಗೆ ಹಂಚುವ ಹಣ ಬೇರೆ, ತಮ್ಮ ಊಟದ ಖರ್ಚು ಮಾತ್ರ ಹಳೆಯ ವ್ಯಾಪಾರದ ಬಂಡವಾಳದಿಂದ ಎಂದು ಲೆಕ್ಕವಿಟ್ಟಿದ್ದರು. ಇದನ್ನು ಬರೆದ ಇತಿಹಾಸಕಾರ ಫರಿಶ್ತಾ ನೂರಕ್ಕೂ ಹೆಚ್ಚು ವರ್ಷಗಳ ನಂತರದವರು ಎಂಬುದನ್ನು ನೆನಪಿಸಿದ ಮೇಲೆಯೇ ನಮ್ಮ ಮಾರ್ಗದರ್ಶಕರು ಮುಂದಿನ ಹೆಜ್ಜೆಯಿಟ್ಟದ್ದು. ಸಜ್ಜನರೊಬ್ಬರ ಪ್ರಶಂಸೆಯಲ್ಲಿಯೂ ಇಸ್ನಾದ್ ತಪ್ಪಿಸದ ಈ ಗುಣ ಎಲ್ಲ ಪ್ರವಚನಕಾರರಲ್ಲಿಯೂ ಕಾಣಸಿಗದು.

ಆ ಪೋಷಕರು ಇನ್ನು ಸುಮ್ಮನಿರಲಿಲ್ಲ. "ಭಾಯ್, ಇದನ್ನೆಲ್ಲ ಬಂದವರೆದುರು ಹೇಳಬೇಕೇ? ಮೊದಲೇ ನಮ್ಮ ಬಗ್ಗೆ ಆಡಿಕೊಳ್ಳುವವರು ಬೇಕಾದಷ್ಟಿದ್ದಾರೆ. ನಮ್ಮವರೇ ನಮ್ಮವರನ್ನು ಸುಳ್ಳು ಪತ್ರ ಬರೆದು ಕೊಲ್ಲಿಸಿದರು ಎಂದು ನೀವೇ ಸಾರಿದರೆ?" ಎಂದು ಕೇಳಿದರು. ಅವರ ಮಾತಿನ ಹಿಂದಿದ್ದ ನೋವು ಸುಳ್ಳಲ್ಲ. ಇತಿಹಾಸದ ಪ್ರತಿಯೊಂದು ಪುಟವನ್ನೂ ಆರೋಪಪಟ್ಟಿಯಾಗಿ ಓದುವ ಕಾಲದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ತಂದೆಯೊಬ್ಬರ ಅಳುಕು ಅದು. ನಮ್ಮಲ್ಲಿ ಯಾವ ಮನೆಗೂ ಅದು ಅಪರಿಚಿತವಲ್ಲ.

ಮಾರ್ಗದರ್ಶಕರು ಸಿಟ್ಟಾಗಲಿಲ್ಲ. "ಗವಾನ್ ಸಾಹೇಬರ ಮ್ಯಾಲ ಆ ಪತ್ರ ಬರದವರೂ ಹಿಂಗೇ ಅಂದಿರ್ತಾರ್ರೀ, ನಮ್ಮವರ ಸಲುವಾಗಿ ಅಂತ" ಎಂದರು. ಸ್ವಲ್ಪ ತಡೆದು, ಕೆಲವರು ಬಂದು ಇಲ್ಲಿ ಏನೇನು ಕೆಡವಲಾಯಿತು ಎಂಬುದನ್ನಷ್ಟೇ ಹೇಳು ಎನ್ನುತ್ತಾರೆ, ಕೆಲವರು ಏನೇನು ಕಟ್ಟಲಾಯಿತು ಎಂಬುದನ್ನಷ್ಟೇ ಹೇಳು ಎನ್ನುತ್ತಾರೆ, ಇಬ್ಬರೂ ಹಣ ಕೊಡುವವರೇ ಎಂದು ನಕ್ಕರು. ಬೇಕಾದಂತೆ ಹೇಳದ ಕಾರಣಕ್ಕೆ ಅರ್ಧ ದಾರಿಯಲ್ಲಿ ಬಿಟ್ಟುಹೋದ ತಂಡಗಳೂ ಇವೆಯಂತೆ. ಆ ದಿನದ ದುಡಿಮೆ ಹೋದಂತೆಯೇ.

ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಅಂಗಳದ ಅಂಚಿನ ನೆರಳಿನಲ್ಲಿ ಅವರನ್ನು ಕೂರಿಸಿ ಯೂಸುಫ್ ಪ್ರವಾದಿಯವರ (ಅ) ವೃತ್ತಾಂತವನ್ನು ನೆನಪಿಸಿದೆ. ಅಣ್ಣಂದಿರು ತಮ್ಮನನ್ನು ಬಾವಿಗೆ ತಳ್ಳಿ, ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದೆಯ ಮುಂದಿಟ್ಟರು. ಖಾಲಿ ಕಾಗದದ ಮೇಲಿನ ಮುದ್ರೆಯಂತೆಯೇ ಅದೂ ಸೃಷ್ಟಿಸಿದ ಪುರಾವೆ. ಅಂಗಿ ನಿಜವಾಗಿಯೂ ಯೂಸುಫರದೇ, ರಕ್ತ ಮಾತ್ರ ಅವರದಲ್ಲ. ಇದು ನಡೆದದ್ದು ಪ್ರವಾದಿಯೊಬ್ಬರ ಮನೆಯಲ್ಲಿ, ಮಾಡಿದವರು ಪ್ರವಾದಿಯ ಮಕ್ಕಳು. ಮನೆತನದ ಮಾನ ಕಾಯುವ ಸಲುವಾಗಿ ಕುರ್‌ಆನ್ ಅದನ್ನು ಮುಚ್ಚಿಡಲಿಲ್ಲ. ಒಂದು ಇಡೀ ಅಧ್ಯಾಯದಲ್ಲಿ ವಿವರವಾಗಿ ನಿರೂಪಿಸಿತು. ನಿಮ್ಮ ವಿರುದ್ಧವೇ ಆದರೂ, ತಂದೆತಾಯಿ ಬಂಧುಗಳ ವಿರುದ್ಧವೇ ಆದರೂ ನ್ಯಾಯದ ಸಾಕ್ಷ್ಯ ನುಡಿಯಿರಿ ಎಂಬ ಆಜ್ಞೆಯನ್ನು ಅನ್ನಿಸಾ ಅಧ್ಯಾಯದಲ್ಲಿ ಓದುವವರು ನಾವು. ಅದು ನ್ಯಾಯಾಲಯದ ಕಟಕಟೆಗೆ ಮಾತ್ರ ಅನ್ವಯವೆಂದೂ ಗತಕಾಲದ ವಿಷಯದಲ್ಲಿ ರಿಯಾಯಿತಿ ಇದೆಯೆಂದೂ ಯಾವ ವ್ಯಾಖ್ಯಾನದಲ್ಲಿಯೂ ನಾನು ಓದಿಲ್ಲ. ಗವಾನರನ್ನು ನಮ್ಮವರೆಂದು ಹೆಮ್ಮೆಯಿಂದ ಹೇಳುವ ನಾಲಗೆ, ಅವರನ್ನು ಕೊಂದವರೂ ನಮ್ಮವರೇ ಎಂಬಲ್ಲಿಗೆ ಬಂದಾಗ ತಡವರಿಸಿದರೆ ಆ ಹೆಮ್ಮೆಯನ್ನು ಯಾರು ನಂಬಿಯಾರು?

ಆ ಪೋಷಕರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಚಹಾ ಕುಡಿಯುವಾಗಲೂ "ಹೇಳುವ ಸ್ಥಳ, ಸಮಯ ಎಂಬುದಿದೆಯಲ್ಲ ಉಸ್ತಾದ್" ಎಂದರು. ಅದೂ ವಿಚಾರ ಮಾಡತಕ್ಕ ಮಾತೇ.

ಅಲ್ಲಿಂದ ಹೊರಟು ಬಿದರಿ ಕೆಲಸದ ಮಳಿಗೆಯೊಂದನ್ನು ಹೊಕ್ಕೆವು. ಸತು ಮತ್ತು ತಾಮ್ರದ ಎರಕ. ಅದರ ಮೇಲೆ ಕೊರೆದ ಬಳ್ಳಿಯ ಗೆರೆಗಳಿಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಆಮೇಲೆ ಬಿಸಿಮಾಡಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ಒಳ್ಳೆಯದೋ ಅಲ್ಲವೋ ಎಂದು ಕಸುಬುದಾರರು ನಾಲಗೆಗೆ ಹಚ್ಚಿ ನೋಡುತ್ತಾರೆ. ಈ ಕಲೆಗಾಗಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಮಾರ್ಗದರ್ಶಕರು ತಮ್ಮ ಮನೆಗೇ ಬಂದಂತೆ ಹೇಳಿಕೊಂಡರು. ಮಕ್ಕಳು ಉಂಗುರಗಳ ಬೆಲೆ ಕೇಳಿ ಸುಮ್ಮನಾದರು.

ಝುಹರ್ ನಮಾಝಿನ ಬಳಿಕ ಅವರಿಗೆ ಇನ್ನೊಂದು ತಂಡ ಕಾದಿತ್ತು. ಹೈದರಾಬಾದಿನಿಂದ ಬಂದ ಯುವಕ ಯುವತಿಯರು, ಬೇರೆ ಬೇರೆ ಧರ್ಮದವರು. ನಾವು ಊಟಕ್ಕೆ ಹೊರಟಾಗ ಇಬ್ಬರು ಹುಡುಗರು ಕಾಣಲಿಲ್ಲ. ಅರ್ಧ ತಾಸಿನ ಮೇಲೆ ಓಡಿಬಂದರು. ಅವರೆದುರೂ ಅದನ್ನೇ ಹೇಳುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಮದ್ರಸಾದ ಗೋಡೆಯ ಬಳಿ ನಿಂತಿದ್ದರಂತೆ.

"ಏನು ಹೇಳಿದರು?" ಎಂದು ಕೇಳಿದ್ದು ನಾನಲ್ಲ, ಆ ಪೋಷಕರು.

"ಮದ್ದುಗುಂಡಿನದ್ದೂ ಹೇಳಿದರು, ಪತ್ರದ್ದೂ ಹೇಳಿದರು, ಬಡವರದ್ದೂ ಹೇಳಿದರು. ಮೂರು ಥರ ಅಂತ ಮೊದಲೇ ಹೇಳಿದರು. ಆದರೆ ಅವರಿಗೆ ಎಲ್ಲ ಉರ್ದುವಿನಲ್ಲಿ ಹೇಳಿದರು."