ನನ್ನ ಲಿಸ್ಟ್ ಎಲ್ಲಿ ಹೋಯಿತು?

ತೊಂಬತ್ತರ ದಶಕದಲ್ಲಿ ನಾನು ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯಕ್ಕೆ ಸೇರಿದಾಗ ವೈದ್ಯಕೀಯ ಲೇಖನಗಳ ಸೂಚಿಯಾದ ಮೆಡ್‌ಲೈನ್ ಅಂದರೆ ಸಿ.ಡಿ.ಗಳ ಸಾಲು. ಡಾಸ್ ಪರದೆಯ ಮುಂದೆ ಕೂತು ವಿಷಯಪದಗಳನ್ನು ಒಂದೊಂದಾಗಿ ಕೊಟ್ಟು, ಸೆಟ್ಟಿಗೆ ಸೆಟ್ಟು ಕೂಡಿಸಿ, ಕಳೆದು, ಕೊನೆಗೆ ನಲವತ್ತೋ ಐವತ್ತೋ ಲೇಖನಗಳಿಗೆ ಇಳಿಸಬೇಕು. ಆಮೇಲೆ ಆ ಸಿ.ಡಿ. ತೆಗೆದು ಹಿಂದಿನ ವರ್ಷಗಳದ್ದನ್ನು ಹಾಕಿ ಮತ್ತೆ ಅದೇ ಪಾಡು. ನಡುವೆ ಕರೆಂಟು ಹೋದರೆ ಕಟ್ಟಿದ್ದೆಲ್ಲ ಮಾಯ. ಹಾಗಾಗಿ ಹುಡುಕಾಟದ ಸಾಲುಗಳನ್ನು ಫ್ಲಾಪಿಗೆ ಇಳಿಸಿಕೊಳ್ಳುತ್ತಿದ್ದೆವು. ಫ್ಲಾಪಿಯನ್ನೂ ನಂಬದ ಹಿರಿಯರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮಳೆಗಾಲದ ಬೂಷ್ಟು ಕಂಡವರಿಗೆ ಅವರ ಅನುಮಾನ ಅರ್ಥವಾಗುತ್ತದೆ.

ದೂರದ ಕಂಪ್ಯೂಟರಿಗೆ ತಂತಿಯ ಮೂಲಕ ಸೇರಿ ಹುಡುಕುವ ಡಯಲಾಗ್‌ನಲ್ಲಿ ಉಳಿಸುವುದರಲ್ಲೇ ಎರಡು ಬಗೆ ಇದ್ದವು. ತಾತ್ಕಾಲಿಕವಾಗಿ ಉಳಿಸಿದರೆ ಏಳು ದಿನ. ಇನ್ನೊಂದು ನಾವೇ ಅಳಿಸುವವರೆಗೆ. ಸಂಪರ್ಕದಲ್ಲಿದ್ದಷ್ಟು ಹೊತ್ತಿಗೆ ದುಡ್ಡು ಏರುತ್ತಿದ್ದುದರಿಂದ ಯಾವುದು ಬೇಕೆಂದು ಕೀಲಿಮಣೆ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತಿತ್ತು.

1997ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಮೆಡ್‌ಲೈನ್ ಹುಡುಕುವ ಪಬ್‌ಮೆಡ್ಡನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆಯಿತು. ದುಡ್ಡಿನ ಭಯ ಹೋಯಿತು, ಅದರ ಜೊತೆ ಆ ಮುಂದಾಲೋಚನೆಯೂ ಹೋಯಿತು. ಪಬ್‌ಮೆಡ್ಡಿನ ತಾತ್ಕಾಲಿಕ ಪಟ್ಟಿಯಾದ ಕ್ಲಿಪ್‌ಬೋರ್ಡಿಗೆ 500 ಲೇಖನಗಳವರೆಗೆ ಹಾಕಬಹುದು. 8 ಗಂಟೆ ಮುಟ್ಟದಿದ್ದರೆ ಖಾಲಿ. ಸಂಜೆ ಲೇಖನ ಆರಿಸಿಟ್ಟು ಹೋದ ಪಿ.ಜಿ. ವಿದ್ಯಾರ್ಥಿಗಳು ಬೆಳಿಗ್ಗೆ ಬಂದು, "ಸರ್, ನನ್ನ ಲಿಸ್ಟ್ ಎಲ್ಲಿ?" ಎಂದು ನನ್ನನ್ನೇ ತನಿಖೆ ಮಾಡುತ್ತಿದ್ದರು. 2005ರಲ್ಲಿ, ಪಬ್‌ಮೆಡ್‌ನಲ್ಲಿ ಹುಡುಕಿದ್ದನ್ನು ಖಾತೆಯಲ್ಲಿ ಉಳಿಸಿಕೊಳ್ಳುವ ಮೈ ಎನ್‌ಸಿಬಿಐ ಬಂದ ಮೇಲೆ ಅವರಿಗೆಲ್ಲ ಖಾತೆ ಮಾಡಿಕೊಡುವುದೇ ನನ್ನ ಅರ್ಧ ಕೆಲಸವಾಯಿತು.

ಖಾತೆ ಸಿಕ್ಕವರು ಲೇಖನಗಳ ಪಟ್ಟಿಯನ್ನು ಉಳಿಸುತ್ತಾರೆ, ಪ್ರಶ್ನೆಯನ್ನು ಉಳಿಸುವುದಿಲ್ಲ. ಪಟ್ಟಿ ಅಂದಿಗೇ ನಿಂತುಬಿಡುತ್ತದೆ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರಕ್ಕೆ ಪಬ್‌ಮೆಡ್‌ನಲ್ಲಿ ಅದೇ ಕಾಡಿನ ಹೆಸರಿನ ವಿಷಯಪದವಿದೆ. ಅದನ್ನೂ ಕೆಎಫ್‌ಡಿ ಎಂಬ ಸಂಕ್ಷೇಪವನ್ನೂ 'ಅಥವಾ' ಹಾಕಿ ಜೋಡಿಸಿ, ಆ ಹುಡುಕಾಟವನ್ನೇ ಉಳಿಸಿ, ಇಮೇಲ್ ಬೇಕೆಂದು ಆರಿಸಿಕೊಂಡರೆ ಹೊಸ ಲೇಖನಗಳ ಸುದ್ದಿ ತಾನಾಗಿ ಬರುತ್ತದೆ. ಮಲೆನಾಡಿನ ವೈದ್ಯರಿಗೆ ಇದಕ್ಕಿಂತ ಉಪಕಾರಿ ಸೌಲಭ್ಯವನ್ನು ನಾನು ಕಾಣೆ.

ಹಾಗಂತ ಎಲ್ಲವನ್ನೂ ಉಳಿಸುವುದು ಬರೀ ಚಟ. ವಾರ್ಡಿನಿಂದ ಫೋನು ಬಂದು, ಗರ್ಭಿಣಿಗೆ ಈ ಔಷಧಿ ಕೊಡಬಹುದೇ ಎಂದು ಕೇಳಿದರೆ ಕ್ಲಿಪ್‌ಬೋರ್ಡ್ ಧಾರಾಳ ಸಾಕು. ಹತ್ತು ಜನ ಕೂತು ಏಳುವ ಗ್ರಂಥಾಲಯದ ಕಂಪ್ಯೂಟರಿನಲ್ಲಂತೂ ತಾನಾಗಿ ಅಳಿದುಹೋಗುವುದೇ ಕ್ಷೇಮ. ಖಾತೆ ತೆರೆದಿಟ್ಟು ಊಟಕ್ಕೆ ಹೋದವರ ಹುಡುಕಾಟದ ಮೇಲೆ ಇನ್ನೊಬ್ಬರು ತಮ್ಮದನ್ನು ಹೇರಿದ್ದನ್ನು ಕಂಡಿದ್ದೇನೆ. 2021ರ ನಡುವಿನಿಂದ ಮೈ ಎನ್‌ಸಿಬಿಐನ ಹಳೆಯ ಪಾಸ್‌ವರ್ಡ್‌ಗಳೂ ನಡೆಯುವುದಿಲ್ಲ. ಗೂಗಲ್‌ನಂಥ ಬೇರೆ ಖಾತೆಯ ಮೂಲಕವೇ ಒಳಹೋಗಬೇಕು. ಉಳಿಸಿದ್ದು ಕೈಗೆ ಸಿಗಬೇಕಾದರೆ ಇದನ್ನೂ ನೆನಪಿಡಬೇಕು.

ಈಗ ಸಿಸ್ಟಮ್ಯಾಟಿಕ್ ರಿವ್ಯೂ ಬರೆಯುವವರು ಯಾವ ಪದಗಳಿಂದ, ಯಾವ ದಿನ ಹುಡುಕಿದೆವು ಎಂಬುದನ್ನು ಪೂರ್ತಿಯಾಗಿ ಕೊಡಬೇಕೆಂದು ಪ್ರಿಸ್ಮಾ ಮಾರ್ಗಸೂಚಿ ಕೇಳುತ್ತದೆ. ಆ ಹಿರಿಯರ ನೋಟ್‌ಬುಕ್ಕಿನಲ್ಲಿ ಇದ್ದದ್ದೂ ಅದೇ. ಥೀಸಿಸ್‌ಗೆ ಇಳಿದಿರುವ ಮಕ್ಕಳು ಮೊದಲ ದಿನವೇ ಹುಡುಕಾಟವನ್ನು ಉಳಿಸಿ, ತಾರೀಖು, ಸಿಕ್ಕ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ಏಳುವ ಮುಂಚೆ ದಯವಿಟ್ಟು ಲಾಗ್‌ಔಟ್ ಮಾಡಿ.