ಜ್ವರಕ್ಕೆ ಕೂತ ಹುಳುವಿನ ನರಗಳು

ಮೇಣದ ತಟ್ಟೆ, ಉಪ್ಪುನೀರು, ಬೆನ್ನುದ್ದಕ್ಕೂ ಸೀಳಿದ ರೇಷ್ಮೆಹುಳು. ಸೊಪ್ಪು ತುಂಬಿದ ಕರುಳನ್ನು ಪಕ್ಕಕ್ಕೆ ಸರಿಸಿದರೆ ಅಡಿಯಲ್ಲಿ ನರದ ಹುರಿ: ಜೋಡಿ ಎಳೆ, ನಡುನಡುವೆ ಗಂಟು. ನಮಗೆ ಬೆನ್ನಲ್ಲಿರುವುದು ಇದಕ್ಕೆ ಹೊಟ್ಟೆಯ ಕಡೆ. ಇಟಲಿಯ ಮಾಲ್ಪೀಗಿ 1669ರಲ್ಲೇ ಇದನ್ನು ಬರೆದಿಟ್ಟ, ಅದೂ ರೇಷ್ಮೆಹುಳುವನ್ನೇ ಕೊಯ್ದು.

ಗಂಟುಗಳಿಂದ ಎಡಬಲಕ್ಕೆ ಹೊರಡುವ ನರಗಳನ್ನು ಹಿಂಬಾಲಿಸುವುದು ಕಷ್ಟ. ಉಸಿರುನಾಳಗಳೂ ಅಲ್ಲೇ ಹೆಣೆದುಕೊಂಡಿವೆ. ಬೆಳ್ಳಿಯಂತೆ ಹೊಳೆದರೆ ಗಾಳಿ ತುಂಬಿದ ನಾಳ, ಮಂಕು ಬಿಳುಪಾದರೆ ನರ.

ಜೋಡಿ ಎಳೆಗಳ ನಡುವೆ ಒಂಟಿ ನರವೊಂದಿದೆ. ಮುಂದೆ ಹೋಗಿ ಎಡಕ್ಕೊಂದು, ಬಲಕ್ಕೊಂದು ಕವಲು. ಕವಲೊಡೆಯುವುದು ನರದ ಕಟ್ಟು ಮಾತ್ರವಲ್ಲ, ಅದರೊಳಗಿನ ಒಂದೊಂದು ತಂತುವೂ ಸೀಳುತ್ತದೆ. ಎರಡೂ ಪಕ್ಕದ ಉಸಿರುರಂಧ್ರ ಮುಚ್ಚುವ ಸ್ನಾಯುಗಳಿಗೆ ಹೀಗೆ ಒಂದೇ ಕೋಶದ ಅಪ್ಪಣೆ. ಒಂದು ಪಕ್ಕದ ರಂಧ್ರವನ್ನಷ್ಟೇ ಮುಚ್ಚಬೇಕಾದರೆ ಹುಳು ಏನು ಮಾಡೀತು?

ಸ್ಪರ್ಶದ ವಿಷಯ ಇನ್ನೂ ವಿಚಿತ್ರ. ನಮ್ಮ ಮೈಯ ಸ್ಪರ್ಶಕೋಶಗಳ ಒಡಲು ಬೆನ್ನುಹುರಿಯ ಪಕ್ಕದಲ್ಲಿ ಭದ್ರವಾಗಿದೆ. ಹುಳುವಿನಲ್ಲಿ ಅದು ಚರ್ಮದಲ್ಲೇ, ಒಂದೊಂದು ರೋಮದ ಬುಡದಲ್ಲೇ ಕೂತಿದೆ. ಅಲ್ಲಿಂದ ತಂತು ಒಳಕ್ಕೆ ಬೆಳೆಯುತ್ತದೆ. ಸ್ನಾಯುವಿಗೆ ಹೋಗುವ ತಂತು ಹೊರಕ್ಕೆ. ಎರಡಕ್ಕೂ ಅದೇ ಸಣ್ಣ ನರವೇ ದಾರಿ.

ಹಾಗಾದರೆ ಪೊರೆ ಬಿಡುವಾಗ? ರಾಮನಗರದ ಕಡೆ ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಕೂತರೆ, ಸೊಪ್ಪು ಹಾಕುವುದಿಲ್ಲ, ಮುಟ್ಟುವುದೂ ಇಲ್ಲ. ಅದು ತಲೆಯೆತ್ತಿ ಅಲುಗಾಡದೆ ಇರುತ್ತದೆ. ಒಳಗೆ ಹೊಸ ಪೊರೆ, ಹೊಸ ರೋಮ ಸಿದ್ಧವಾಗುತ್ತಿವೆ. ಹಳೆಯವು ಇನ್ನೂ ಮೇಲಿವೆ. ಸ್ಪರ್ಶಕೋಶ ಯಾವ ರೋಮದ ಪಾಲು? ಕೀಟಗಳಲ್ಲಿ ಅದರ ತುದಿ ಹೊಸ ರೋಮವನ್ನು ಹಾದು ಹಳೆಯದರವರೆಗೂ ಚಾಚಿಕೊಂಡಿರುತ್ತದಂತೆ. ಪೊರೆ ಕಳಚಿದಾಗ ಆ ತುದಿಯೂ ಹರಿದುಹೋಗುತ್ತದೆ. ಅಂದರೆ ಸತ್ತ ಚರ್ಮದ ಮೂಲಕವೂ ಹುಳುವಿಗೆ ಸ್ಪರ್ಶ ತಿಳಿಯುತ್ತಿದೆ. ಇದನ್ನು ಓದಿದ ಮೇಲೆ ಜ್ವರದ ತಟ್ಟೆಯ ಹತ್ತಿರ ಉಸಿರು ಬಿಡುವುದಕ್ಕೂ ಹಿಂಜರಿಕೆ.

ಕೀಟವಿಜ್ಞಾನಿ ವಿಗಲ್ಸ್‌ವರ್ತ್ 1953ರಲ್ಲಿ ರೋಡ್ನಿಯಸ್ ಎಂಬ ರಕ್ತ ಹೀರುವ ತಿಗಣೆಯ ಮರಿಗಳಲ್ಲಿ ಕಂಡದ್ದು: ಪೊರೆ ಬಿಡುವ ಹೊತ್ತಿಗೆ ಚರ್ಮದ ಕೋಶಗಳಿಂದಲೇ ಹೊಸ ಸ್ಪರ್ಶಕೋಶಗಳು ಹುಟ್ಟುತ್ತವೆ. ಅವುಗಳ ತಂತು ಚರ್ಮದಡಿ ಅಲೆದು, ಹಳೆಯ ನರವೊಂದು ಸಿಕ್ಕರೆ ಅದನ್ನು ಸೇರಿಕೊಂಡು ಗಂಟು ಮುಟ್ಟುತ್ತದೆ. ಸಿಗದಿದ್ದರೆ ಅಲ್ಲಲ್ಲೇ ಸುತ್ತಿ ಸುರುಳಿಯಾಗುತ್ತದೆ. ಎಂದರೆ ಎಲ್ಲಿಗೆ ಹೋಗಬೇಕೆಂಬುದು ತಂತುವಿಗೆ ಮೊದಲೇ ಗೊತ್ತಿಲ್ಲ, ದಾರಿ ತೋರಿಸುವುದು ಹಳೆಯ ನರವೇ. ಮೊಟ್ಟೆಯೊಳಗೆ ಮೊದಲ ತಂತು ಹೊರಟಾಗ ಹಳೆಯದು ಯಾವುದಿತ್ತು?