ನಾಲ್ಕನೆಯ ಪಿನ್ನು

ಎದೆಯ ಮೇಲೆ ಚುಚ್ಚಿಕೊಳ್ಳುವ ನಂಬರ್ ಚೀಟಿಗೆ ಮೂಲೆಗಳು ನಾಲ್ಕು. ಲಕೋಟೆಯಲ್ಲಿ ಇಟ್ಟ ಪಿನ್ನುಗಳು ಮೂರು. ಗೋಕರ್ಣದ ಕಡಲದಂಡೆಯಲ್ಲಿ ಇನ್ನೂ ಬೆಳಕು ಹರಿಯದ ಹೊತ್ತು, ಮೊಬೈಲ್ ಹಚ್ಚಿಕೊಂಡು ಲಕೋಟೆ ತಲೆಕೆಳಗು ಮಾಡಿ ಕೊಡವಿದೆ. ಮರಳು ಬಿತ್ತು, ಪಿನ್ನು ಬೀಳಲಿಲ್ಲ. ಮೇಜಿನ ಹಿಂದಿದ್ದ ಹುಡುಗ, "ಮೂರು ಸಾಕು ಅಂಕಲ್, ಕೆಲವರು ಎರಡರಲ್ಲೇ ಓಡ್ತಾರೆ" ಎಂದ. ಓಡಲಿ. ಬೂಟಿಲ್ಲದೆ ಓಡುವವರೂ ಇದ್ದಾರೆ. ನಾನು ಕೇಳಿದ್ದು ಅದನ್ನಲ್ಲವಲ್ಲ! ಆ 'ಅಂಕಲ್' ಬೇರೆ.

ಗುಡ್ಡದ ಓಟದಲ್ಲಿ ಏನೇನಾಗುತ್ತದೆಂದು ಯಾರಾದರೂ ಊಹಿಸಬಹುದು. ಏರಿನಲ್ಲಿ ಏದುಸಿರು, ಇಳಿಜಾರಿನಲ್ಲಿ ಮಂಡಿ, ನಡುನಡುವೆ ಸಮುದ್ರ. ಊರ ಕಡಲಿನಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೊಮ್ಮೆ ಹತ್ತಿ ಇಳಿದರೆ ಓಂ, ಅದರಾಚೆ ಹಾಫ್ ಮೂನ್, ಪ್ಯಾರಡೈಸ್. ದಕ್ಷಿಣಕ್ಕೆ ಹೋದಂತೆ ಹೆಸರುಗಳು ಇಂಗ್ಲಿಷಾಗುತ್ತವೆ. ದಾರಿ ಮಾತ್ರ ದನ ತುಳಿದದ್ದೇ. ಕಾಲಡಿಯಲ್ಲಿ ಚಿರೆಕಲ್ಲು. ನೆಲದೊಳಗೆ ಇರುವಾಗ ಕೊಯ್ಯಲು ಬರುವಷ್ಟು ಮೆತ್ತಗಿದ್ದು, ಹೊರಗೆ ಬಂದು ಗಾಳಿ ಸೋಕಿದ ಮೇಲೆ ಗಟ್ಟಿಯಾಗುವ ಕಲ್ಲು. ಬುಕಾನನ್ ಎಂಬ ಸ್ಕಾಟ್ಲೆಂಡಿನವನು 1807ರ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನು ಅದರ ಮೇಲೆ ಓಡಿ ನೋಡಿದ ಹಾಗಿಲ್ಲ. ಅದರಿಂದ ಉದುರಿದ ಉರುಟು ಹರಳುಗಳು ಕಡಲೆಕಾಳು ಚೆಲ್ಲಿದ ಹಾಗೆ ದಾರಿ ತುಂಬ ಇರುತ್ತವೆ. ಇಳಿಯುವಾಗ ಪಾದ ಒಂದು ದಿಕ್ಕು ಹಿಡಿದರೆ ನಾವು ಇನ್ನೊಂದು.

ಮೊದಲ ಗುಡ್ಡದ ನೆತ್ತಿಯಲ್ಲಿ ಗಾಳಿ ಸಿಕ್ಕಿತು. ಪಿನ್ನಿಲ್ಲದ ಮೂಲೆ ಎದ್ದು ಪಟಪಟ ಹೊಡೆದುಕೊಳ್ಳತೊಡಗಿತು. ಎಡಗೈಯಲ್ಲಿ ಅದುಮಿಕೊಂಡೆ. ಆದರೆ ಇಳಿಜಾರಿನಲ್ಲಿ ಮೈ ತೂಗಿಸಲು ಎರಡು ಕೈಯೂ ಬೇಕು. ಬಿಟ್ಟರೆ ಪಟಪಟ, ಹಿಡಿದರೆ ಮುಗ್ಗರಿಸುವ ಭಯ.

ಆಗ ನೆನಪಾದವನು ನಾರದ. ಕಾಳಿದಾಸನ ರಘುವಂಶದಲ್ಲಿ ಅವನು ಆಕಾಶಮಾರ್ಗವಾಗಿ ಹೊರಟದ್ದು ಇದೇ ಗೋಕರ್ಣಕ್ಕೆ, ಇಲ್ಲಿನ ಈಶ್ವರನ ಮುಂದೆ ವೀಣೆ ನುಡಿಸಲು. ವೀಣೆಯ ತುದಿಗೆ ಸಿಕ್ಕಿಸಿದ್ದ ಹೂಮಾಲೆಯನ್ನು ಗಾಳಿ ಹಾರಿಸಿತು. ಅದು ಕೆಳಗೆ ಉದ್ಯಾನದಲ್ಲಿ ಗಂಡನ ಜೊತೆ ವಿಹರಿಸುತ್ತಿದ್ದ ಇಂದುಮತಿಯ ಎದೆಯ ಮೇಲೆ ಬಿದ್ದು ಅವಳ ಪ್ರಾಣ ಹೋಯಿತು. ಅಜ ಮಹಾರಾಜ ಅಷ್ಟುದ್ದ ಅತ್ತ, ಎಳೆಯ ದಶರಥ ತಬ್ಬಲಿಯಾದ. ಪಂಡಿತರು ಇದಕ್ಕೆ ಶಾಪ, ವಿಮೋಚನೆ ಎಂದು ಕಾರಣ ಹೇಳುತ್ತಾರೆ. ನನಗೆ ಕಾಣುವುದು ಪಿನ್ನಿನ ಕೊರತೆ.

ಅಮ್ಮನ ಬಳೆಯಲ್ಲಿ ಸದಾ ನಾಲ್ಕೈದು ಪಿನ್ನು ತೂಗುತ್ತಿದ್ದವು. ಕಾಲಿಗೆ ಮುಳ್ಳು ಹೊಕ್ಕರೂ, ಚಪ್ಪಲಿಯ ಬಾರು ಕಿತ್ತರೂ, ಚಡ್ಡಿಯ ಗುಂಡಿ ಹಾರಿದರೂ ಕೈ ನೇರ ಬಳೆಗೇ ಹೋಗುತ್ತಿತ್ತು. ಈ ಪಿನ್ನನ್ನು ಕಂಡುಹಿಡಿದ ನ್ಯೂಯಾರ್ಕಿನ ವಾಲ್ಟರ್ ಹಂಟ್, 15 ಡಾಲರ್ ಸಾಲ ತೀರಿಸಲೆಂದು ತಂತಿ ತಿರುಚುತ್ತ ಕೂತಿದ್ದನಂತೆ. 1849ರಲ್ಲಿ ಪೇಟೆಂಟ್ ಸಿಕ್ಕಿತು. ಹಕ್ಕನ್ನೆಲ್ಲ 400 ಡಾಲರಿಗೆ ಮಾರಿಬಿಟ್ಟ. ಸಾಲಗಾರನ ಬುದ್ಧಿ ಎಷ್ಟು ಚುರುಕೋ ಅಷ್ಟೇ ಅವಸರ.

ಓಂ ಕಡಲಿನ ಮೇಲ್ಗಡೆ, ರಸ್ತೆ ಮುಗಿಯುವಲ್ಲಿ, ಒಬ್ಬಾಕೆ ಕಲ್ಲಂಗಡಿ ಹೋಳು ಮಾಡುತ್ತಿದ್ದಳು. ಕೈಯಲ್ಲಿ ಗಾಜಿನ ಬಳೆ. ಬಳೆಯಲ್ಲಿ ಒಂದು ಪಿನ್ನು! ಓಟದಲ್ಲಿ ನಿಲ್ಲಬಾರದು. ಗೋಕರ್ಣದಲ್ಲಂತೂ ನಿಲ್ಲಲೇಬಾರದು, ಸಂಧ್ಯಾವಂದನೆಗೆಂದು ನಿಂತ ರಾವಣನ ಗತಿ ಏನಾಯಿತೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಇಪ್ಪತ್ತು ಕೈ ಇದ್ದವನು ಆತ್ಮಲಿಂಗ ಹಿಡಿಯಲು ಯಾರದೋ ಎರಡು ಕೈ ಹುಡುಕಿದ. ನನಗಿರುವುದೇ ಎರಡು. ನಿಂತೆ.

"ಎಂತಕ್ಕೆ ಓಡ್ತ್ರಿ ಮಾರಾಯ್ರೆ?" ಎಂದಳು. ಉತ್ತರ ಹೊಳೆಯದೆ ಚೀಟಿಯ ಮೂಲೆ ತೋರಿಸಿದೆ. ಕತ್ತಿ ಕೆಳಗಿಟ್ಟು, ಸೆರಗಿನಲ್ಲಿ ಕೈಯೊರೆಸಿ, ಪಿನ್ನು ಬಿಚ್ಚಿ ತಾನೇ ಚುಚ್ಚಿಕೊಟ್ಟಳು. "ಮಗಳದ್ದು. ಬರ್ವಾಗ ಕೊಟ್ಟು ಹೋಗಿ."

ಓಟ ಮುಗಿಯುವುದು ಪ್ಯಾರಡೈಸಿನಲ್ಲಿ, ಅಲ್ಲಿಂದ ನಮ್ಮನ್ನು ಕರೆದೊಯ್ಯುವ ಬಸ್ಸಿನ ದಾರಿಯೇ ಬೇರೆ ಎಂದು ಹೇಳಲು ಬಾಯಿ ಬರಲಿಲ್ಲ. ಉಳಿದ ದಾರಿಯಲ್ಲಿ ಚೀಟಿ ಅಲುಗಲಿಲ್ಲ. ನನ್ನ ಕಾಲೂ ಹೆಚ್ಚೇನೂ ಅಲುಗಲಿಲ್ಲವೆಂದು ಫಲಿತಾಂಶದ ಹಾಳೆ ಹೇಳುತ್ತದೆ. ಬಸ್ಸು ಬಿಟ್ಟು, ದೋಣಿ ಹಿಡಿದು, ಓಂ ಕಡಲಿಗೆ ಇಳಿದು ಮೆಟ್ಟಿಲು ಹತ್ತುವಾಗ ಬಿಸಿಲು ನೆತ್ತಿಗೇರಿತ್ತು. ಕಲ್ಲಂಗಡಿ ಸಿಪ್ಪೆಗೆ ಇರುವೆ ಮುತ್ತಿದ್ದವು. ರಾವಣನಿಗಾಗಿ ಆತ್ಮಲಿಂಗ ಹಿಡಿದು ನಿಂತ ಹುಡುಗ ಮೂರು ಸಲ ಕೂಗಿದ್ದನಂತೆ. ಇವಳು ಎಷ್ಟು ಸಲ ದಾರಿ ನೋಡಿದಳೋ.

ಓಟದವರು ಕೊಟ್ಟ ಮೂರು ಪಿನ್ನುಗಳು ಎರಡೇ ದಿನದಲ್ಲಿ ಮನೆಯಲ್ಲಿ ಎಲ್ಲೋ ಮಾಯವಾದವು. ಇದು ಮಾತ್ರ ಪರ್ಸಿನಲ್ಲಿದೆ, ಚಿಲ್ಲರೆ ಹುಡುಕುವಾಗಲೆಲ್ಲ ಬೆರಳಿಗೆ ಚುಚ್ಚುತ್ತದೆ.